ಫಾದರ್ ಇಲ್ಲದೆ ಆದ ಮದುವೆ ಮದುವೆಯೇ?

ಪ್ರಶ್ನೆ: ಕ್ಯಾಥೊಲಿಕರಲ್ಲಿ ಮದುವೆಯೂ ಏಳು ಸಂಸ್ಕಾರಗಳಲ್ಲಿ ಒಂದು. ಸಂಸ್ಕಾರ ಕೊಡುವುದು ಫಾದರ್ ತಾನೇ? ಹಾಗಿದ್ದರೆ ಹಿಂದಿನ ಕಾಲದಲ್ಲಿ ಪಾದ್ರಿ ಇಲ್ಲದೆ ಗುಟ್ಟಾಗಿ ಮದುವೆಯಾದವರದ್ದು ಮದುವೆಯೇ ಅಲ್ಲ, ಅಲ್ವಾ?

ಅದೂ ಮದುವೆಯೇ. ಈ ಮಾತನ್ನು ತರಗತಿಯಲ್ಲಿ ಹೇಳಿದ್ದೇನೆ, ಪತ್ರಗಳಲ್ಲಿ ಬರೆದಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೂತು ವಾದ ಮಾಡಿದ್ದೇನೆ. ಆದರೂ ಪ್ರಶ್ನೆ ನಿಂತಿಲ್ಲ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ರೋಮನ್ ಕ್ಯಾಥೊಲಿಕ್ ಪರಂಪರೆಯಲ್ಲಿ ಮದುವೆಯ ಸಂಸ್ಕಾರ ಕೊಡುವವರು ಗಂಡು ಹೆಣ್ಣು ಇಬ್ಬರೇ. ಅವರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಫಾದರ್ ಚರ್ಚಿನ ಪರವಾಗಿ ನಿಂತು ಅವರ ಒಪ್ಪಿಗೆ ಕೇಳಿಸಿಕೊಳ್ಳುತ್ತಾರೆ, ಆಶೀರ್ವಾದ ಮಾಡುತ್ತಾರೆ, ರಿಜಿಸ್ಟರಿಗೆ ಸಹಿ ಹಾಕಿಸುತ್ತಾರೆ. ಜಮೀನು ಮಾರುವವರು, ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಮುಂದೆ ಹೋಗಿ ಕೂರುತ್ತಾರಲ್ಲ, ಹಾಗೆ. ಅವರ ಮುಂದೆ ಆಗದಿದ್ದರೆ ಇವತ್ತು ಕಾಗದ ನಿಲ್ಲುವುದಿಲ್ಲ, ನಿಜ. ಆದರೆ ಜಮೀನು ಮಾರಿದ್ದು ಸಬ್ ರಿಜಿಸ್ಟ್ರಾರ್ ಅಂತ ಯಾರೂ ಹೇಳುವುದಿಲ್ಲ.

‘ಮೊದಲಿನಿಂದಲೂ ಪಾದ್ರಿಯೇ ಮದುವೆ ಮಾಡಿಸುತ್ತಿದ್ದರು’ ಅನ್ನುವ ನಂಬಿಕೆ ಮಾತ್ರ ಜಗ್ಗುವುದೇ ಇಲ್ಲ. ಓದಿಕೊಂಡವರೂ ಇದನ್ನೇ ಹೇಳುತ್ತಾರೆ. ಚರ್ಚಿನ ಸ್ವಂತ ಕಾನೂನೇ ಇದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತದೆ.

12ನೇ ಶತಮಾನದಲ್ಲಿ ಪಂಡಿತರ ನಡುವೆ ದೊಡ್ಡ ಜಗಳವಿತ್ತು. ಒಪ್ಪಿಗೆಯಿಂದ ಮದುವೆ ಶುರುವಾಗುತ್ತದೆ, ದೇಹಸಂಬಂಧದಿಂದ ಪೂರ್ಣವಾಗುತ್ತದೆ ಅಂತ ಬೊಲೊನ್ಯದ ಗ್ರೇಷಿಯನ್ ವಾದಿಸಿದರು. ಒಪ್ಪಿಗೆ ಒಂದೇ ಸಾಕು ಅಂತ ಪ್ಯಾರಿಸಿನ ಪೀಟರ್ ಲೊಂಬಾರ್ಡ್ ಹೇಳಿದರು. 1159ರಿಂದ 1181ರವರೆಗೆ ಪೋಪ್ ಆಗಿದ್ದ ಮೂರನೇ ಅಲೆಕ್ಸಾಂಡರ್ ಬಹುಮಟ್ಟಿಗೆ ಲೊಂಬಾರ್ಡ್ ಕಡೆ ನಿಂತರು. ‘ಈಗ ನಿನ್ನನ್ನು ಹೆಂಡತಿಯಾಗಿ ಸ್ವೀಕರಿಸುತ್ತೇನೆ’, ‘ಈಗ ನಿನ್ನನ್ನು ಗಂಡನಾಗಿ ಸ್ವೀಕರಿಸುತ್ತೇನೆ’. ಬೇರೆ ಅಡ್ಡಿ ಇಲ್ಲದಿದ್ದರೆ ಇಷ್ಟಕ್ಕೇ ಮದುವೆ ಆಯಿತು. ಅಡುಗೆಮನೆಯಲ್ಲಿ ಹೇಳಿದರೂ ಸರಿ, ಹೊಲದ ಬದುವಿನಲ್ಲಿ ಹೇಳಿದರೂ ಸರಿ.

ಗುಟ್ಟಿನ ಮದುವೆಯನ್ನು ಚರ್ಚ್ ಇಷ್ಟಪಡುತ್ತಿತ್ತು ಅಂತ ಇದರ ಅರ್ಥವಲ್ಲ. ಬಿಷಪರು ಸೇರಿದ್ದ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಅದನ್ನು ನಿಷೇಧಿಸಿತು. ಮದುವೆಗೆ ಮೊದಲು ಚರ್ಚಿನಲ್ಲಿ ಹೆಸರು ಓದಬೇಕು ಅಂತ ನಿಯಮ ಮಾಡಿತು. ಮುರಿದವರಿಗೆ ಪ್ರಾಯಶ್ಚಿತ್ತ ಕಾದಿತ್ತು. ಆದರೆ ಮದುವೆ ಮುರಿಯುತ್ತಿರಲಿಲ್ಲ. ಮಾಡಬಾರದ್ದನ್ನು ಮಾಡಿದ್ದು ಒಂದು ವಿಷಯ, ಮಾಡಿದ್ದು ಅಸಿಂಧು ಅನ್ನುವುದು ಬೇರೆಯೇ ವಿಷಯ. ಈ ವ್ಯತ್ಯಾಸ ಹಿಡಿದುಕೊಂಡರೆ ಉಳಿದದ್ದೆಲ್ಲ ಸಲೀಸು.

ಇಂಗ್ಲೆಂಡಿನ ಒಂದು ನಿಜ ಪ್ರಕರಣ ನೋಡಿ. 1469ರಲ್ಲಿ ನಾರ್ಫೋಕಿನ ಶ್ರೀಮಂತ ಪ್ಯಾಸ್ಟನ್ ಮನೆತನದ ಮಗಳು ಮಾರ್ಜರಿ, ಮನೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ ರಿಚರ್ಡ್ ಕಾಲ್ ಜೊತೆ ಗುಟ್ಟಾಗಿ ಮಾತು ಕೊಟ್ಟುಕೊಂಡಳು. ಮನೆಯವರು ಕೆಂಡವಾದರು. ನನ್ನ ತಂಗಿ ಫ್ರಾಮ್ಲಿಂಗಮ್‌ನಲ್ಲಿ ಮೇಣದಬತ್ತಿ, ಸಾಸಿವೆ ಮಾರಿಕೊಂಡು ಬದುಕಬೇಕಾ ಅಂತ ಅಣ್ಣ ಕಾಗದ ಬರೆದ. ವಿಷಯ ನಾರ್ವಿಚ್ ಬಿಷಪರ ಮುಂದೆ ಹೋಯಿತು. ಅವರು ಮನೆತನದ ಗೌರವ ನೆನಪಿಸಿದರು. ಆಮೇಲೆ ಒಂದೇ ಪ್ರಶ್ನೆ: ನೀನು ಯಾವ ಮಾತು ಹೇಳಿದೆ? ಮಾರ್ಜರಿ ಹೇಳಿದಳು. ಈ ಮಾತು ಸಾಲದಿದ್ದರೆ ಇಲ್ಲಿಂದ ಹೋಗುವುದರೊಳಗೆ ಇನ್ನೂ ಗಟ್ಟಿ ಮಾಡುತ್ತೇನೆ ಅಂತಲೂ ಅಂದಳು. ಕಾಲ್‌ನನ್ನು ಬೇರೆಯಾಗಿ ಕರೆದು ಇಬ್ಬರ ಹೇಳಿಕೆ ತಾಳೆ ನೋಡಿದರು. ತಾಯಿ ಮಗಳಿಗೆ ಬಾಗಿಲು ಮುಚ್ಚಿದಳು, ಮದುವೆ ಮಾತ್ರ ಊರ್ಜಿತವಾಗಿಯೇ ಉಳಿಯಿತು. ಪಾದ್ರಿ ಇಲ್ಲದ ಮದುವೆ ಮದುವೆಯೇ ಅಲ್ಲ ಅನ್ನುವುದಾದರೆ ಬಿಷಪರು ಇಷ್ಟು ಕಷ್ಟಪಡುವ ಅಗತ್ಯವೇ ಇರಲಿಲ್ಲ!

ವಿಧಿಪ್ರಕಾರ ಆಗುತ್ತಿದ್ದ ಮದುವೆಯಲ್ಲೂ ಒಪ್ಪಿಗೆಯ ಮಾತು ಹೆಚ್ಚಾಗಿ ನಡೆಯುತ್ತಿದ್ದದ್ದು ಚರ್ಚಿನ ಬಾಗಿಲಲ್ಲಿ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರನ ಕಥೆಯಲ್ಲಿ ಬರುವ ಬಾತ್ ಊರಿನ ಹೆಂಗಸು ‘ಚರ್ಚ್ ಬಾಗಿಲಲ್ಲಿ ಐದು ಗಂಡಂದಿರನ್ನು ಪಡೆದೆ’ ಅನ್ನುವುದು ಸುಮ್ನೆ ಅಲ್ಲ. ಪೂಜೆಗೆ ಒಳಗೆ ಹೋಗುತ್ತಿದ್ದದ್ದು ಆಮೇಲೆ.

ಹಾಗಾದರೆ ಫಾದರ್ ಕಡ್ಡಾಯವಾದದ್ದು ಯಾವಾಗ? 1563ರ ನವೆಂಬರ್ 11ರಂದು, ಟ್ರೆಂಟ್ ಮಹಾಸಭೆಯಲ್ಲಿ. ಧರ್ಮಕೇಂದ್ರದ ಗುರು, ಜೊತೆಗೆ ಎರಡು ಮೂರು ಸಾಕ್ಷಿಗಳು ಇಲ್ಲದ ಮದುವೆ ಇನ್ನು ಮುಂದೆ ಅಸಿಂಧು ಅಂತ ತೀರ್ಮಾನವಾಯಿತು. ದಂಪತಿಗಳೇ ಕಟ್ಟಿಕೊಳ್ಳುವ ಸಂಸ್ಕಾರವನ್ನು ನಾವು ಹೇಗೆ ಅಸಿಂಧು ಅನ್ನುವುದು ಅಂತ ಅನೇಕ ಬಿಷಪರು ವಿರೋಧಿಸಿದರು. ಅದೇ ಆದೇಶ ಇನ್ನೆರಡು ಮಾತು ಹೇಳುತ್ತದೆ, ಯಾರೂ ಅಷ್ಟು ದೂರ ಓದುವುದಿಲ್ಲ. ಹಿಂದಿನ ಗುಟ್ಟಿನ ಮದುವೆಗಳು ನಿಜವಾದ ಮದುವೆಗಳೇ ಆಗಿದ್ದವು. ಅಪ್ಪ ಅಮ್ಮ ಒಪ್ಪಲಿಲ್ಲ ಅನ್ನುವ ಕಾರಣಕ್ಕೇ ಮದುವೆ ಅಸಿಂಧು ಅನ್ನುವುದು ತಪ್ಪು. ನಮ್ಮ ಮನೆಗಳಲ್ಲಿ ಈ ಎರಡನೆಯದನ್ನು ಜೋರಾಗಿ ಓದಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಟ್ರೆಂಟ್ ಆದಮೇಲೂ ಫಾದರ್ ಸಾಕ್ಷಿಯಾಗಿಯೇ ಉಳಿದರು. ಇದನ್ನು ಮಾಂಜೋನಿ ತಮ್ಮ ಇಟಾಲಿಯನ್ ಕಾದಂಬರಿಯಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಕಥೆ ಶುರುವಾಗುವುದು 1628ರಲ್ಲಿ, ಕೋಮೋ ಸರೋವರದ ಹತ್ತಿರ. ಗೂಂಡಾಗಳಿಗೆ ಹೆದರಿದ ಪಾದ್ರಿ ಡಾನ್ ಅಬ್ಬೊಂಡಿಯೊ ಮದುವೆ ಮಾಡಿಸಲು ಒಲ್ಲೆ ಅನ್ನುತ್ತಾನೆ. ಹುಡುಗ ರೆಂಜೊ, ಹುಡುಗಿ ಲೂಚಿಯಾ ಇಬ್ಬರು ಸಾಕ್ಷಿಗಳ ಜೊತೆ ರಾತ್ರಿ ಅವನ ಕೋಣೆಗೆ ನುಗ್ಗುತ್ತಾರೆ. ‘ಈ ಸಾಕ್ಷಿಗಳ ಮುಂದೆ, ಇವಳು ನನ್ನ ಹೆಂಡತಿ’ ಅಂತ ರೆಂಜೊ ಹೇಳಿ ಮುಗಿಸುತ್ತಾನೆ. ಲೂಚಿಯಾ ಬಾಯಿ ತೆರೆಯುತ್ತಿದ್ದಂತೆ ಪಾದ್ರಿ ಮೇಜಿನ ಬಟ್ಟೆ ಎಳೆದು ಅವಳ ಮುಖಕ್ಕೆ ಮುಚ್ಚುತ್ತಾನೆ. ಯಾಕೆ? ಅವಳು ವಾಕ್ಯ ಮುಗಿಸಿ, ಅದು ಅವನ ಕಿವಿಗೆ ಬಿದ್ದಿದ್ದರೆ ಮದುವೆ ಆಗಿಬಿಡುತ್ತಿತ್ತು. ಪಾದ್ರಿಯ ಮನಸ್ಸು ಯಾರಿಗೂ ಬೇಕಿರಲಿಲ್ಲ! ಈ ದಾರಿ ಮುಚ್ಚಿದ್ದು 1907ರ ಆದೇಶದಿಂದ. ಆಮೇಲೆ ಪಾದ್ರಿಯೇ ಒಪ್ಪಿಗೆ ಕೇಳಿ ಪಡೆಯಬೇಕಾಯಿತು.

ಇವತ್ತಿಗೂ, ಚರ್ಚಿನ 1983ರ ಕಾನೂನಿನ ಪ್ರಕಾರ, ಅಧಿಕಾರವಿರುವ ಪಾದ್ರಿ ಒಂದು ತಿಂಗಳು ಸಿಗುವ ಸಾಧ್ಯತೆಯೇ ಇಲ್ಲದ ಕಡೆ ಇಬ್ಬರು ಸಾಕ್ಷಿಗಳ ಮುಂದೆ ಆದ ಮದುವೆ ಸಿಂಧು. ನಮ್ಮೂರುಗಳಲ್ಲಿ ಈ ನೆಪ ನಡೆಯುವುದಿಲ್ಲ. ಜೊತೆಗೆ ನಮ್ಮ ದೇಶದ 1872ರ ಕ್ರೈಸ್ತ ವಿವಾಹ ಕಾಯ್ದೆ ಬೇರೆ ಇದೆ.

ಇದೆಲ್ಲ ಪಶ್ಚಿಮದ ಕ್ಯಾಥೊಲಿಕರ ಮಾತು. ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ 1520ರಲ್ಲೇ ಮದುವೆಯನ್ನು ಸಂಸ್ಕಾರಗಳ ಪಟ್ಟಿಯಿಂದ ತೆಗೆದರು. ಪೂರ್ವದ ಚರ್ಚುಗಳಲ್ಲಿ ಯಾಜಕರ ಆಶೀರ್ವಾದವೇ ಮುಖ್ಯ. ಬೆಳ್ತಂಗಡಿ ಕಡೆಯ ಸಿರೋ ಮಲಬಾರ್ ಕುಟುಂಬಗಳೂ ಪೂರ್ವದ ಈ ನಿಯಮಕ್ಕೇ ಸೇರಿದವರು.

ಚಿತ್ರಗಳಲ್ಲಿ ಫಾದರ್ ನಡುವೆ ನಿಂತಿರುತ್ತಾರಲ್ಲ ಅಂತ ಕೆಲವರು ಹೇಳಬಹುದು. ಹೌದು. ಆಂಟ್‌ವರ್ಪಿನಲ್ಲಿರುವ ರೊಗೀರ್ ವಾನ್ ಡರ್ ವೈಡನ್ ಅವರ ಏಳು ಸಂಸ್ಕಾರಗಳ ಚಿತ್ರದಲ್ಲಿ ಫಾದರ್ ತಮ್ಮ ಸ್ಟೋಲನ್ನು, ಅಂದರೆ ಕೊರಳಿಗೆ ಹಾಕಿಕೊಳ್ಳುವ ಉದ್ದನೆಯ ಬಟ್ಟೆಪಟ್ಟಿಯನ್ನು, ದಂಪತಿಗಳ ಕೈಗೆ ಸುತ್ತುತ್ತಿದ್ದಾರೆ. ಸ್ಟೋಲ್ ಸುತ್ತಿರುವುದು ಆ ಇಬ್ಬರು ಹಿಡಿದುಕೊಂಡ ಕೈಗಳ ಮೇಲೆ.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಗುಟ್ಟಿನ ಮದುವೆಗೆ ಉದಾಹರಣೆ ಅಂತ ಲಂಡನ್ ನ್ಯಾಷನಲ್ ಗ್ಯಾಲರಿಯಲ್ಲಿರುವ ಯಾನ್ ವಾನ್ ಐಕ್ ಅವರ ಆರ್ನೊಲ್ಫಿನಿ ದಂಪತಿ ಚಿತ್ರವನ್ನು ತೋರಿಸುವುದು ರೂಢಿ. ಕನ್ನಡಿಯಲ್ಲಿ ಇಬ್ಬರು ಕಾಣುತ್ತಾರೆ, ಗೋಡೆಯ ಮೇಲೆ ‘ವಾನ್ ಐಕ್ ಇಲ್ಲಿದ್ದ, 1434’ ಅಂತ ಬರಹವಿದೆ. ಇದು ಮದುವೆಯ ದಾಖಲೆ, ಆ ಇಬ್ಬರು ಸಾಕ್ಷಿಗಳು ಅಂತ ಕಲಾ ಇತಿಹಾಸಕಾರ ಎರ್ವಿನ್ ಪನೋಫ್ಸ್ಕಿ 1934ರಲ್ಲಿ ವಾದಿಸಿದರು. ಬಹಳ ಚೆಂದದ ವಾದ. ಆದರೆ ಮದುಮಗ ಅಂತ ಗುರುತಿಸಿದ್ದ ಜೊವಾನ್ನಿ ದಿ ಅರೀಗೊ ಆರ್ನೊಲ್ಫಿನಿಯ ಮದುವೆಯ ದಾಖಲೆ ಆಮೇಲೆ ಸಿಕ್ಕಿತು. ಅವನ ಮದುವೆ ಆದದ್ದು 1447ರಲ್ಲಿ. ವಾನ್ ಐಕ್ ತೀರಿಕೊಂಡದ್ದು 1441ರಲ್ಲಿ. ಗುಟ್ಟಿನ ಮದುವೆಗೆ ಉದಾಹರಣೆ ಬೇಕಾದವರು ಮಾರ್ಜರಿ ಪ್ಯಾಸ್ಟನ್ ಹೆಸರು ಹೇಳಿ. ಅವಳ ಮಾತು ಮನೆಯವರ ಕಾಗದದಲ್ಲೇ ಉಳಿದಿದೆ.