ಬೋರ್ಡಿನ ಮೂಲೆಯ ಮೂರು ಹೆಸರು

ಆಪ್ತಸಮಾಲೋಚಕಿಯಾಗಿ ಬೆಂಗಳೂರಿನ ಯಾವ ಶಾಲೆಗೆ ಹೋದರೂ ನನ್ನ ಕಣ್ಣು ಮೊದಲು ಬೋರ್ಡಿನ ಮೂಲೆಗೆ ಹೋಗುತ್ತದೆ. 'ಮಾತಾಡಿದವರು' ಅಂತ ಬರೆದು, ಕೆಳಗೆ ಗೆರೆ ಎಳೆದು, ಮೂರು ಹೆಸರು. ಬರೆದದ್ದು ಕ್ಲಾಸ್ ಲೀಡರ್. ಮುಂದಿನ ತಿಂಗಳು ಹೋದರೂ ಅದೇ ಮೂರು ಹೆಸರು. ಇದರಿಂದ ಮಕ್ಕಳು ತಿದ್ದಿಕೊಳ್ಳುವುದಾದರೆ ಹೆಸರಾದರೂ ಬದಲಾಗಬೇಕಿತ್ತು ಅಲ್ವಾ?

"ನಾವು ಹೊಡೆಯಲ್ಲ ಮೇಡಂ" ಅನ್ನುತ್ತಾರೆ ಟೀಚರುಗಳು. ಸಂತೋಷ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೆಸರು ಬರೆಯುವುದೆಲ್ಲ ಕಿರುಕುಳ ಅಂತ ನಾನು ಹೇಳಲಾರೆ. ದಿನವೂ ಒಂದೇ ಮಗುವಿನ ಹೆಸರು ಅಲ್ಲಿದ್ದರೆ ಮಾತ್ರ ಯೋಚಿಸಲೇಬೇಕು.

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ, ಅಂದರೆ 3ನೇ ತರಗತಿವರೆಗೆ, ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು ಮಾತಾಡುತ್ತಲೇ ಕಲಿತಿರುತ್ತಾರೆ. 4ಕ್ಕೆ ಬಂದ ಕೂಡಲೇ ಬಾಯಿ ಮುಚ್ಚು ಅಂದರೆ ಹೇಗೆ?

ಮಗುವಿಗೆ ಬೇಕಿರುವುದು ನಿಮ್ಮ ಗಮನ. ಸುಮ್ನೆ ಕೂತು ಬರೆದಾಗ ಅದರ ಕಡೆ ಯಾರೂ ನೋಡುವುದಿಲ್ಲ. ಪಕ್ಕದವನನ್ನು ಚಿವುಟಿದರೆ ತಕ್ಷಣ ಹೆಸರು ಹಿಡಿದು ಕರೆಯುತ್ತೀರಿ. ಯಾವುದನ್ನು ಮಾಡಿದರೆ ಟೀಚರ್ ನೋಡುತ್ತಾರೆ ಅನ್ನುವುದು ಅದಕ್ಕೆ ಗೊತ್ತಾಗಿಬಿಡುತ್ತದೆ. ಇಷ್ಟು ಹೇಳಿದ ಮೇಲೆ ಎಲ್ಲರೂ "ವೆರಿ ಗುಡ್" ಶುರು ಮಾಡುತ್ತಾರೆ. ಯಾವುದಕ್ಕೆ ಗುಡ್? "ರಬ್ಬರ್ ಕಿತ್ಕೊಳ್ಳದೆ ಕೇಳಿ ತಗೊಂಡೆಯಲ್ಲ, ನೋಡಿದೆ" ಅನ್ನಿ. ಮಾಡಿದ ಕೆಲಸವನ್ನೇ ಹೇಳಿ. ಮೆಲ್ಲಗೆ, ಹತ್ತಿರ ಹೋಗಿ ಹೇಳಿ. ತರಬೇತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕೊನೆಗೆ "ಸ್ಟಾರ್ ಸ್ಟಿಕ್ಕರ್ ಕೊಡಬಹುದಾ?" ಅಂತ ಕೇಳುತ್ತಾರೆ. ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಯಾಕೆ ಕೊಟ್ಟಿರಿ ಅಂತ ಮಗುವಿಗೆ ತಿಳಿಯಬೇಕು.

ಎಲ್ಲ ತುಂಟತನವೂ ಗಮನ ಸೆಳೆಯುವುದಕ್ಕೇ ಅಲ್ಲ. ಕಿವಿ ಸರಿಯಾಗಿ ಕೇಳದಿರಬಹುದು, ಹಸಿವಿರಬಹುದು. ಅದನ್ನೂ ವಿಚಾರಿಸಿ.

ಪೀಣ್ಯದ ಕಡೆ ಒಂದು ಶಾಲೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. 4ನೇ ತರಗತಿ ಹುಡುಗ, ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಅವನ ಮಾತಿನ ಧಾಟಿ ಕೇಳಿ ಉಳಿದವರು ನಗುತ್ತಿದ್ದರು, ಅವನು ಹೊಡೆಯಲು ಕೈ ಎತ್ತುತ್ತಿದ್ದ. ಬೋರ್ಡಿನಲ್ಲಿ ಮೊದಲ ಹೆಸರು ಅವನದೇ. ಅವನ ಟೀಚರಿಗೆ ನಾನು ಹೇಳಿದ್ದು ಒಂದೇ: ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವನ ಹತ್ತಿರ ಒಂದು ಮಾತಾಡಿ, ಓದಿನ ವಿಷಯ ಬೇಡ. ಒಂದು ವಾರಕ್ಕೇ "ಏನೂ ಆಗಲಿಲ್ಲ ಮೇಡಂ" ಅಂತ ಫೋನ್ ಬಂತು. ಒಂದೇ ವಾರಕ್ಕೆ ಏನಾಗುತ್ತದೆ! ಬಿಡದೆ ಮಾಡಿ ಅಂದೆ. ಪಾಪ, ಮಾಡಿದರು.

ದಸರಾ ರಜೆ ಮುಗಿದ ಮೇಲೆ ನಾನು ಹೋದಾಗ ಕ್ಲಾಸಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ಹುಡುಗ ಮೆಟ್ಟಿಲ ಮೇಲೆ ಕೂತಿದ್ದ. ಟೀಚರ್ ಗೇಟಿನ ಒಳಗೆ ಕಾಲಿಡುತ್ತಿದ್ದಂತೆ ಓಡಿದ. "ಟೀಚರ್, ನಮ್ಮ ತಂಗಿಗಿ ಹಲ್ಲ ಬಂದಾವ್ರಿ!"