ವಕೀಲರ ನೋಟಿಸಿಗೆ ಎಐ ಬರೆದ ಉತ್ತರ ಸಾಕಾ?

ಬ್ರಹ್ಮಾವರ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಮನೆಯ ಕಾಲುದಾರಿ ನೆರೆಮನೆಯವರ ಕುಮ್ಕಿಯಲ್ಲಿ ಹಾದುಬರುತ್ತದೆ. ಅಪ್ಪನ ಕಾಲದಿಂದ ನಡೆಯುತ್ತಿದ್ದೇವೆ. ಈಗ ಅವರು ಬೇಲಿ ಹಾಕುತ್ತಾರಂತೆ, ಇನ್ನು ನಡೆಯಬಾರದು ಎಂದು ವಕೀಲರ ನೋಟಿಸ್ ಬಂದಿದೆ. ಮಗ ನೋಟಿಸಿನ ಫೋಟೋವನ್ನು ಎಐಗೆ ಕೊಟ್ಟು ಉತ್ತರ ಬರೆಸಿದ. ಹತ್ತು ನಿಮಿಷದ ಕೆಲಸ. ಓದಲಿಕ್ಕೂ ಚಂದ ಉಂಟು. ಇದನ್ನೇ ಪೋಸ್ಟ್ ಮಾಡಿದರೆ ಸಾಲದಾ? ವಕೀಲರಿಗೆ ಸುಮ್ನೆ ಫೀಸ್ ಯಾಕೆ?"

ಇನ್ನೂ ಪೋಸ್ಟ್ ಮಾಡಿಲ್ಲ ಅಲ್ವಾ? ಹಾಗಾದರೆ ಸ್ವಲ್ಪ ತಡೆಯಿರಿ.

ಆ ಉತ್ತರವನ್ನು ನನಗೂ ಕಳಿಸಿದ್ದರು, ಓದಿದೆ. ಕನ್ನಡ ನಿಜಕ್ಕೂ ಚೆನ್ನಾಗಿದೆ. ಎಷ್ಟೋ ಅಸಲಿ ನೋಟಿಸುಗಳಲ್ಲಿ ಇಷ್ಟು ತಿಳಿಯಾದ ಕನ್ನಡ ಸಿಗುವುದಿಲ್ಲ. ಆದರೆ ಮೂರನೇ ಪ್ಯಾರಾದಲ್ಲಿ ಹೀಗಿದೆ: "ತಮ್ಮ ಸ್ವಂತ ಜಾಗದಲ್ಲಿ, ತಾವು ದಯವಿಟ್ಟು ನೀಡಿದ ಅನುಮತಿಯಿಂದಲೇ ನಾವು 25 ವರ್ಷಗಳಿಂದ ನಡೆದಾಡುತ್ತಿದ್ದೇವೆ." ಎಷ್ಟು ವಿನಯ ನೋಡಿ. ಆ ವಿನಯದಲ್ಲೇ ದಾರಿ ಕೈತಪ್ಪಬಹುದು.

ಮೊದಲು 'ಅನುಮತಿ' ನೋಡೋಣ. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಬೇರೆಯವರ ಜಾಗದಲ್ಲಿ 20 ವರ್ಷ ಎಲ್ಲರಿಗೂ ಕಾಣುವಂತೆ, ತಡೆ ಇಲ್ಲದೆ, ಹಕ್ಕಿನಿಂದ ನಡೆದಿದ್ದರೆ ಆ ದಾರಿಯ ಹಕ್ಕು ನಿಮಗೆ ಸಿಗುತ್ತದೆ. 'ಹಕ್ಕಿನಿಂದ' ಎಂಬ ಮಾತೇ ಇಲ್ಲಿ ಮುಖ್ಯ. ಅನುಮತಿ ಪಡೆದು ನಡೆದದ್ದು ಎಂದು ನೀವೇ ಬರೆದುಕೊಟ್ಟರೆ, ಕೊಟ್ಟವರು ನಾಳೆ ವಾಪಸ್ ತೆಗೆದುಕೊಳ್ಳುತ್ತಾರೆ. ಅಷ್ಟೇ ಕತೆ.

ಇನ್ನು 'ಸ್ವಂತ ಜಾಗ'. ನಾವೆಲ್ಲ ಬಾಯಿಮಾತಿಗೆ 'ನಮ್ಮ ಕುಮ್ಕಿ', 'ಅವರ ಕುಮ್ಕಿ' ಅನ್ನುತ್ತೇವೆ. ಆದರೆ ಕುಮ್ಕಿ ಎಂದರೆ ವರ್ಗ ಜಾಗದ (ಅಂದರೆ ಹಳೆಯ ಪಟ್ಟಾ ಜಮೀನಿನ) ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗ. ವರ್ಗದಾರರಿಗೆ ಅಲ್ಲಿ ಸೊಪ್ಪು, ಸೌದೆಯಂಥ ಸವಲತ್ತು ಇದೆ, ಒಡೆತನ ಇಲ್ಲ. ಜಾಗ ಸರ್ಕಾರದ್ದಾದರೆ ಅದೇ 15ನೇ ಸೆಕ್ಷನ್ನಿನಲ್ಲಿ 20 ವರ್ಷ ಇದ್ದದ್ದು 30 ಆಗುತ್ತದೆ. ಎಐ 25 ವರ್ಷ ಎಂದು ಬರೆದು ಕೈತೊಳೆದುಕೊಂಡಿದೆ. ಆ 25 ಎಲ್ಲಿಂದ ಬಂತು ಎಂದು ಕೇಳಿದೆ. ಮಗ ಅಂದಾಜಿಗೆ ಹೇಳಿದ್ದಂತೆ!

ವಕೀಲರ ಬಳಿ ಹೋದರೆ ಮೊದಲು ಅವರೇ ನಿಮ್ಮನ್ನು ಕೇಳುತ್ತಾರೆ. ಅಪ್ಪನ ಕಾಲ ಅಂದ್ರೆ ಯಾವ ಇಸವಿ? ಬೇರೆ ದಾರಿ ಉಂಟಾ? ಮಳೆಗಾಲದಲ್ಲೂ ಇದರಲ್ಲೇ ನಡೆಯುತ್ತಿದ್ದಿರಾ, ಅಥವಾ ಗದ್ದೆಯ ಕಟ್ಟಪುಣಿಯಲ್ಲಿ ಸುತ್ತಿಕೊಂಡು ಬರುತ್ತಿದ್ದಿರಾ? ಆ ಕುಮ್ಕಿ ನಡುವೆ ಯಾವಾಗಲಾದರೂ ಅವರ ಹೆಸರಿಗೆ ಮಂಜೂರಾಗಿದೆಯಾ? ಮಂಜೂರಾಗಿದ್ದರೆ ಲೆಕ್ಕವೇ ಬದಲಾಗುತ್ತದೆ. ಎಐ ಕೊಟ್ಟ ಮಾಹಿತಿಯನ್ನು ಚಂದ ಮಾಡಿ ವಾಪಸ್ ಕೊಡುತ್ತದೆ. ಕೊಡದ ಮಾಹಿತಿಯನ್ನು ನಿಮ್ಮ ಬಾಯಿಂದ ಹೊರಡಿಸುವುದು ಅಪರೂಪ. ಅದರಲ್ಲೂ ಕುಮ್ಕಿ, ಮೂಲಗೇಣಿ, ಅಳಿಯಸಂತಾನದ ಕವರು ಇವೆಲ್ಲ ನಮ್ಮ ಕರಾವಳಿಯ ವ್ಯವಹಾರ. ಮಂಡ್ಯದವರಿಗೇ ಅರ್ಧ ಅರ್ಥವಾಗುವುದಿಲ್ಲ ಮಾರಾಯ್ರೆ.

ಒಮ್ಮೆ ಕಳಿಸಿದ ಉತ್ತರ ಅಲ್ಲಿಗೇ ಮುಗಿಯುವುದೂ ಇಲ್ಲ. ದಾವೆ ಬಿದ್ದರೆ ಅದೇ ಕಾಗದ ಕೋರ್ಟಿನಲ್ಲಿ ದಾಖಲೆಯಾಗುತ್ತದೆ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಅದನ್ನು ಕೈಗೆ ಕೊಟ್ಟು, "ಈ ಸಹಿ ನಿಮ್ಮದೇ ಅಲ್ವಾ?" ಎಂದು ಕೇಳುತ್ತಾರೆ. "ಎಐ ಬರೆದದ್ದು ಸ್ವಾಮಿ" ಅಂದರೆ ನಡೆಯುವುದಿಲ್ಲ.

ವಕೀಲರೂ ಇದರಲ್ಲಿ ಬಿದ್ದಿದ್ದಾರೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಿಮಾನ ಕಂಪನಿಯೊಂದರ ವಿರುದ್ಧದ ಕೇಸಿನಲ್ಲಿ, ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನೇ ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ತೆತ್ತರು. ಪಕ್ಕದ ಕೇರಳದ ಹೈಕೋರ್ಟ್ 2025ರಲ್ಲಿ, ತೀರ್ಪು ಕೊಡುವ ಕೆಲಸಕ್ಕೆ ಎಐ ಬಳಸಬಾರದು ಎಂದು ಜಿಲ್ಲಾ ನ್ಯಾಯಾಲಯಗಳಿಗೆ ನಿಯಮ ಮಾಡಿತು.

ಹಾಗಂತ ವಕೀಲರನ್ನು ಇಡಲೇಬೇಕು ಎಂಬ ಕಾನೂನಿಲ್ಲ. ನಿಮ್ಮ ಕೇಸನ್ನು ನೀವೇ ವಾದಿಸಬಹುದು. ಆದರೆ ಜಾಗ ನೋಡಿ ವರದಿ ಕೊಡಲು ಕೋರ್ಟ್ ನೇಮಿಸಿದ ಕಮಿಷನರ್ ಸರ್ವೆಯರ್ ಜತೆ ಟೇಪ್ ಹಿಡಿದು ಜಾಗಕ್ಕೆ ಬಂದ ದಿನ, ಪೊದೆಯೊಳಗೆ ಮುಚ್ಚಿಹೋದ ಹಳೆಯ ತಡಮೆಯನ್ನು (ಬೇಲಿ ದಾಟುವ ಕಿಂಡಿಯನ್ನು) ತೋರಿಸಿ "ಇದನ್ನೂ ವರದಿಯಲ್ಲಿ ಬರೆದುಕೊಳ್ಳಿ" ಎನ್ನಲು ಅಲ್ಲಿ ಯಾರಾದರೂ ನಿಂತಿರಬೇಕಲ್ಲ? ಫೋನ್ ಅದನ್ನು ಹೇಳುವುದಿಲ್ಲ.

ಎಐ ದಂಡ ಎಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ನೋಟಿಸನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಲು, ಹಳೆ ಕಾಗದಗಳನ್ನು ಇಸವಿ ಪ್ರಕಾರ ಜೋಡಿಸಲು, ವಕೀಲರಿಗೆ ಕೇಳಬೇಕಾದ ಪ್ರಶ್ನೆ ಬರೆದಿಟ್ಟುಕೊಳ್ಳಲು ಬಳಸಿ. ಹೆಸರು, ಸರ್ವೆ ನಂಬರ್ ಮಾತ್ರ ಹಾಕಬೇಡಿ. ವಕೀಲರಿಗೆ ಹೇಳಿದ್ದಕ್ಕೆ ಕಾನೂನಿನ ರಕ್ಷಣೆ ಇದೆ. ಆ್ಯಪ್‌ಗೆ ಹೇಳಿದ್ದಕ್ಕೆ ಅಂಥದ್ದಿಲ್ಲ.

ಫೀಸಿನ ಚಿಂತೆಯಾದರೆ ಉಡುಪಿಯಲ್ಲೂ ಮಂಗಳೂರಿನಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ಜಾಗ ನಿಮ್ಮ ಅಮ್ಮನ ಹೆಸರಿನಲ್ಲಿದ್ದರೆ ಅವರೇ ಅರ್ಜಿ ಹಾಕಬಹುದು.

ಸದ್ಯ ನಿಮಗೆ ಬಂದಿರುವುದು ವಕೀಲರ ನೋಟಿಸ್, ಕೋರ್ಟಿನ ಸಮನ್ಸ್ ಅಲ್ಲ. ಸಮನ್ಸ್ ಬಂದರೆ 30 ದಿನದೊಳಗೆ ಲಿಖಿತ ಹೇಳಿಕೆ ಹಾಕಬೇಕು. ಕಾರಣ ಕೊಟ್ಟರೆ 90 ದಿನದವರೆಗೆ ಸಮಯ ಸಿಗಬಹುದು. ಈಗ ನೋಟಿಸ್, ಅದು ಬಂದ ಕವರ್, ಎರಡೂ ಜಾಗದ ಪಹಣಿ ಹಿಡಿದುಕೊಂಡು ವಕೀಲರ ಬಳಿ ಹೋಗಿ. ಮಗ ಬರೆಸಿದ ಉತ್ತರವನ್ನೂ ಒಯ್ಯಿರಿ, ಅರ್ಧ ಕೆಲಸ ಅದರಲ್ಲೇ ಆಗಿದೆ. ಮೂರನೇ ಪ್ಯಾರಾಕ್ಕೆ ಮಾತ್ರ ಈಗಲೇ ಒಂದು ಗೀಟು ಎಳೆದುಬಿಡಿ.