ಹ್ಯಾಮ್ಲೆಟ್ ಮೊದಲ ದೃಶ್ಯ: ಭೂತ ಬರುವ ಮುಂಚೆಯೇ ಹುಟ್ಟುವ ಭಯ

ಷೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ನಾಟಕದ ಮೊದಲ ದೃಶ್ಯದ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಹೆಚ್ಚಿನವರ ಉತ್ತರ ಭೂತದಿಂದಲೇ ಶುರುವಾಗುತ್ತದೆ. ಡೆನ್ಮಾರ್ಕ್‌ನ ಅರಮನೆಯ ಕಾವಲಿನವರಿಗೆ ಕಾಣುವ ಈ ಭೂತ, ಅಂದರೆ ಹ್ಯಾಮ್ಲೆಟ್‌ನ ತಂದೆಯಾದ ಸತ್ತ ದೊರೆಯ ಭೂತ, ರಂಗಕ್ಕೆ ಬರುವುದು ಸುಮಾರು 40ನೇ ಸಾಲಿಗೆ. ಎದೆ ಬಿಗಿಯುವ ಕೆಲಸ ಅಷ್ಟರಲ್ಲೇ ಮುಗಿದಿರುತ್ತದೆ. ಹಾಗಾಗಿ ಮೊದಲ 40 ಸಾಲುಗಳನ್ನು ಗಟ್ಟಿಯಾಗಿ ಓದಿ.

ಮೊದಲ ಮಾತು "ಯಾರದು?" ಕೇಳುವವನು ಬರ್ನಾರ್ಡೊ, ಅಂದರೆ ಪಾಳಿ ವಹಿಸಿಕೊಳ್ಳಲು ಬರುತ್ತಿರುವವನು. ಪಹರೆಯಲ್ಲಿ ನಿಂತಿರುವವನು ಫ್ರಾನ್ಸಿಸ್ಕೊ. ಕೇಳಬೇಕಾದವನು ನಿಂತವನು, ಇಲ್ಲಿ ಬಂದವನೇ ಕೇಳುತ್ತಾನೆ. "ಇಲ್ಲ, ನೀನು ಯಾರು ಹೇಳು" ಎಂದು ಫ್ರಾನ್ಸಿಸ್ಕೊ ಪ್ರಶ್ನೆಯನ್ನು ತಿರುಗಿಸುತ್ತಾನೆ. ಕಾವಲಿನ ಕ್ರಮ ತಪ್ಪಿದೆ, ಏಕೆಂದು ನಮಗಿನ್ನೂ ತಿಳಿದಿಲ್ಲ. ಇದನ್ನು ಬಿಟ್ಟು "ಕತ್ತಲಿದೆ, ಆದ್ದರಿಂದ ಭಯ" ಎಂದು ಬರೆದರೆ ಉತ್ತರ ಜೊಳ್ಳಾಗುತ್ತದೆ. ಮಾತುಗಳೂ ತುಂಡು ತುಂಡು, ಒಂದೊಂದು ಸಾಲಿನವು. ಫ್ರಾನ್ಸಿಸ್ಕೊ ಕೊರೆಯುವ ಚಳಿ ಎನ್ನುತ್ತಾನೆ, ಮನಸ್ಸು ಸರಿಯಿಲ್ಲ ಎನ್ನುತ್ತಾನೆ, ಕಾರಣ ಹೇಳದೆ ಹೊರಟುಹೋಗುತ್ತಾನೆ. ನಾಟಕದಲ್ಲಿ ಅವನು ಮತ್ತೆ ಕಾಣುವುದೇ ಇಲ್ಲ.

ಚಳಿ, ನಡುರಾತ್ರಿ ಎಲ್ಲವೂ ಮಾತಿನಲ್ಲೇ ಬರುವುದಕ್ಕೆ ಕಾರಣವಿದೆ. ಬೆಂಗಳೂರಿನ ರಂಗಶಂಕರದಂಥ ರಂಗಮಂದಿರದಲ್ಲಿ ದೀಪ ಆರಿಸಿದರೆ ರಾತ್ರಿಯಾಗುತ್ತದೆ. 1599ರಲ್ಲಿ ಕಟ್ಟಿದ ಲಂಡನ್ನಿನ ಗ್ಲೋಬ್ ರಂಗಮಂದಿರದ ನಡುಭಾಗಕ್ಕೆ ಸೂರಿರಲಿಲ್ಲ, ಆಟ ನಡೆಯುತ್ತಿದ್ದುದು ಮಧ್ಯಾಹ್ನ. ಹಗಲು ಬೆಳಕಿನಲ್ಲಿ ರಾತ್ರಿಯನ್ನು ಸಂಭಾಷಣೆಯೇ ಕಟ್ಟಬೇಕಿತ್ತು.

ಇನ್ನು ನನ್ನ ಪ್ರಕಾರ ಈ ದೃಶ್ಯದ ಅತ್ಯುತ್ತಮ ಕುಶಲತೆ: ಭೂತ ಎರಡು ಸಲ ಬರುತ್ತದೆ, ಎರಡು ಸಲವೂ ಕಾವಲಿನವರು ಕುಳಿತು ಮಾತಿಗೆ ತೊಡಗಿದ ಮೇಲೆಯೇ. ಮೊದಲ ಸಲ, ಭೂತದ ಮಾತನ್ನು ನಂಬದೆ ಕಾವಲಿಗೆ ಜೊತೆಯಾದ ಹ್ಯಾಮ್ಲೆಟ್‌ನ ಗೆಳೆಯ ಹೊರೇಷಿಯೊ "ಬರುವುದಿಲ್ಲ ಬಿಡಿ" ಎಂದು ತಳ್ಳಿಹಾಕುತ್ತಾನೆ. ಬರ್ನಾರ್ಡೊ ನಿನ್ನೆ ರಾತ್ರಿ ಭೂತ ಕಂಡ ಕಥೆ ಆರಂಭಿಸುತ್ತಾನೆ. ಗಂಟೆ ಒಂದು ಹೊಡೆಯಿತು ಎನ್ನುವಷ್ಟರಲ್ಲಿ, ವಾಕ್ಯ ಮುಗಿಯುವ ಮೊದಲೇ, ಭೂತ ಎದುರಿಗಿದೆ. ಎರಡನೆಯ ಸಲ ಇನ್ನೊಬ್ಬ ಕಾವಲಿನವ ಮಾರ್ಸೆಲಸ್ ಎಲ್ಲರನ್ನೂ ಕೂರಿಸಿ, ದೇಶದಲ್ಲಿ ಫಿರಂಗಿ ಎರಕ ಏಕೆ, ಹಡಗು ಕಟ್ಟುವವರಿಗೆ ಭಾನುವಾರವೂ ಬಿಡುವಿಲ್ಲವೇಕೆ ಎಂದು ಕೇಳುತ್ತಾನೆ. ತಂದೆ ಕಳೆದುಕೊಂಡ ನೆಲವನ್ನು ಡೆನ್ಮಾರ್ಕ್‌ನಿಂದ ಮರಳಿ ಪಡೆಯಲು ಹೊರಟ ನಾರ್ವೆಯ ಫೋರ್ಟಿನ್‌ಬ್ರಾಸ್‌ನ ವಿಷಯವನ್ನು ಹೊರೇಷಿಯೊ ಉದ್ದವಾಗಿ ವಿವರಿಸುತ್ತಾನೆ. ಓದುವಾಗ ಬೇಸರ ಬರಿಸುವ ಈ ಭಾಗವನ್ನು "ಹಿನ್ನೆಲೆ" ಎಂದು ಹಾರಿಸಬೇಡಿ. ಪ್ರೇಕ್ಷಕರ ಉಸಿರು ಸಡಿಲವಾಗುವುದು ಇಲ್ಲೇ, ಭೂತ ಮರಳುವುದೂ ಆಗಲೇ. ಜೊತೆಗೆ ಇಲ್ಲೊಂದು ತಪ್ಪು ದಾರಿಯಿದೆ: ಯುದ್ಧಕವಚ ತೊಟ್ಟ ಸತ್ತ ದೊರೆಯನ್ನು ಕಂಡು ಇವರು ಅಪಾಯ ಗಡಿಯಾಚೆಯಿಂದ ಬರುತ್ತದೆಂದು ಊಹಿಸುತ್ತಾರೆ. ಅದು ಅರಮನೆಯೊಳಗೇ ಇದೆ.

ಭೂತ ಈ ದೃಶ್ಯದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಇನ್ನೇನು ಆಡುತ್ತದೆ ಎನ್ನುವಾಗ ಕೋಳಿ ಕೂಗುತ್ತದೆ. ಮಗನೊಂದಿಗೆ ಮಾತನಾಡೀತು ಎಂದು ಹೊರೇಷಿಯೊ ಹೇಳುವಾಗಲಷ್ಟೇ, ದೃಶ್ಯದ ಕೊನೆಗೆ, ರಾಜಕುಮಾರ ಹ್ಯಾಮ್ಲೆಟ್‌ನ ಹೆಸರು ಬರುತ್ತದೆ. ಮುಂದಿನ ದೃಶ್ಯದಲ್ಲಿ ಹೊಸ ದೊರೆ ಕ್ಲಾಡಿಯಸ್ ತುಂಬಿದ ಸಭೆಯಲ್ಲಿ ಅಣ್ಣನ ಸಾವನ್ನೂ ಅತ್ತಿಗೆಯೊಡನೆ ತನ್ನ ಮದುವೆಯನ್ನೂ ನಯವಾಗಿ ಒಂದೇ ಉಸಿರಿನಲ್ಲಿ ಹೇಳುವಾಗ, ಆ ಸಭೆಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುತ್ತದೆ.